ಅಂಗೈಗೆ ಹತ್ತಿದ ಭಂಡಾರ

ಬನಹಟ್ಟಿಯಲ್ಲಿ ನಮ್ಮ ಬಾಜೂ ಮನೆಯ ನೇಕಾರರೊಬ್ಬರು ಸಂಜೆ ಮಗ್ಗ ನಿಲ್ಲಿಸಿ ಕಟ್ಟೆಗೆ ಬಂದು ಕೂರುತ್ತಿದ್ದರು. ಅವರ ಪಾರ್ಟಿ ಹುಟ್ಟಿದ್ದು ಆ ಕಟ್ಟೆಯ ಮೇಲೆಯೇ. "ನಮ್ಮ ಪಾರ್ಟಿಯೊಳಗ ವೋಟಿಗಾಗಿ ದೇವರ ಆಣಿ-ಗೀಣಿ ಇಲ್ಲರೀ, ಬರೇ ಮಾತು" ಎಂದು ಖಾಲಿ ಅಂಗೈ ತೆರೆದು ತೋರಿಸುವರು. ಮಂದಿಗೆ ಅದು ಹಿಡಿಸಿತು. ಮುಧೋಳ, ಬೀಳಗಿಯಲ್ಲೂ ಪಾರ್ಟಿಯ ಬೋರ್ಡು ಎದ್ದವು.

ನಗರಸಭೆ ಚುನಾವಣೆಗೆ ಅವರೇ ನಿಂತರು. ವೋಟು ಕೇಳಲು ನಮ್ಮ ಮನೆಗೆ ಬಂದಾಗ ಅವ್ವ ಚಹಾ ಕೊಟ್ಟಳು. ಅವಳ ಅಂಗೈ ಹಳದಿಯಾಗಿತ್ತು.

"ಕೈಗೆ ಏನ್ ಹತ್ತೇತ್ರಿ, ಅಕ್ಕಾರ?"

"ಬೀರಪ್ಪ ದೇವರ ಭಂಡಾರದ ಅರಿಷಿಣರಿ. ನಿಮ್ಮ ಪಾರ್ಟಿ ಮಂದಿ ಮುಂಜಾನೆ ಬಂದು, ನಿಮಗ ವೋಟ್ ಹಾಕ್ತೇನಂತ ಇದನ್ನ ಮುಟ್ಟಿಸಿ ಆಣಿ ಮಾಡಿಸ್ಕೊಂಡು ಹೋದ್ರು. ಇಷ್ಟ ವರ್ಷ ಬಾಜೂಕ ಇದ್ದೇನಿ, ಅಣ್ಣಾರ. ನನ್ನ ಮಾತು ಸಾಲಲಿಲ್ಲೇನು?"

ಅವರು ತಲೆ ತಗ್ಗಿಸಿದರು. ಚಹಾ ಅಲ್ಲೇ ಬಿಟ್ಟು ಎದ್ದರು. ಆ ಆಣೆ ಬಿಟ್ಟುಬಿಡಿರಿ ಎಂಬ ಒಂದು ಮಾತನ್ನು ಮಾತ್ರ ಅವರು ಹೇಳಲಿಲ್ಲ.

ಗೆದ್ದ ದಿನ ಮೆರವಣಿಗೆಯಲ್ಲಿ ಅವರ ಮೇಲೆ ಮಂದಿ ಭಂಡಾರ ತೂರಿದರು. ಮೈಯೆಲ್ಲ ಹಳದಿ. ಅವ್ವ ಬಾಗಿಲಲ್ಲಿ ನಿಂತಿದ್ದಳು. ಅವಳನ್ನು ಕಂಡದ್ದೇ ಅವರು ಹಳದಿ ಹತ್ತಿದ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಮ್ಮ ಮನೆ ದಾಟಿದರು.