ಪಡುವಣಕ್ಕೆ ಹೋದ ಎಲೆ

ಮೂವತ್ತು ವರ್ಷ ಬನಹಟ್ಟಿಯಲ್ಲಿ ಭೂಗೋಳ ಕಲಿಸಿದವನು ನಾನು. ಕೃಷ್ಣೆ ಪಶ್ಚಿಮದಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುತ್ತಾಳೆ ಎಂಬ ಒಂದು ವಾಕ್ಯವನ್ನು ಎಷ್ಟು ಮಕ್ಕಳ ತಲೆಗೆ ತುಂಬಿದ್ದೇನೋ ನನಗೇ ಗೊತ್ತಿಲ್ಲ. ನಕಾಶೆಯಲ್ಲಿ ಬಾಣದ ಗುರುತನ್ನು ತಿರುವುಮುರುವು ಹಾಕಿದವರ ಕಿವಿಯನ್ನೂ ಹಿಂಡಿದ್ದೇನೆ. ಅಂಥವನು ಕಳೆದ ಚಳಿಗಾಲದಲ್ಲಿ ಅದೇ ಕೃಷ್ಣೆಯನ್ನು ಪಶ್ಚಿಮಕ್ಕೆ ಹರಿಸಿಬಿಟ್ಟೆ. ಅದೂ ಜಮಖಂಡಿಯಲ್ಲಿ, ತುಂಬಿದ ಸಭೆಯ ಎದುರು, ಗೋಡೆಯಗಲದ ಪರದೆಯ ಮೇಲೆ. ಕಿವಿ ಹಿಂಡಿಸಿಕೊಂಡಿದ್ದ ಇಬ್ಬರು ಆ ಸಭೆಯಲ್ಲಿದ್ದರು.

ಜಮಖಂಡಿಯ ಒಂದು ಮಂಗಲ ಕಾರ್ಯಾಲಯದಲ್ಲಿ ನದಿಗಳ ಚಿತ್ರೋತ್ಸವ ನಡೆಯಿತು. ಆರೋಗ್ಯವಾಗಿರುವ, ತಡೆಯಿಲ್ಲದೆ ಹರಿಯುವ ನದಿಗಳನ್ನು ಕುರಿತ ಚಿತ್ರಗಳು. ಸುತ್ತಲಿನ ತಾಲ್ಲೂಕಿನವರು ಮೊಬೈಲಿನಲ್ಲೇ ತೆಗೆದು ಕಳಿಸಬಹುದು ಎಂದಿದ್ದರು. ನಿವೃತ್ತ ಮಾಸ್ತರನಿಗೆ ಇಷ್ಟು ಕರೆ ಸಾಕು. ಮಗಳು ಕೊಡಿಸಿದ ಮೊಬೈಲಿತ್ತು, ಹೊಳೆಯಂತೂ ಇದ್ದೇ ಇತ್ತು, ಸಮಯಕ್ಕಂತೂ ಬರವಿರಲಿಲ್ಲ.

ಆರೋಗ್ಯವಂತ ನದಿ ಎಂದರೆ ಯಾವುದು ಎಂದು ಮಾತ್ರ ನಾವ್ಯಾರೂ ಕೇಳಲಿಲ್ಲ. ನಮ್ಮ ಕಡೆ ಮೈ ತುಂಬಿಕೊಂಡವರನ್ನು ಕಂಡರೆ ‘ಆರಾಮ ಅದಾರ’ ಎನ್ನುವುದು ರೂಢಿ. ಅವರ ಕಾಲು ಬಾತಿರುವುದು ಆಮೇಲೆ ತಿಳಿಯುತ್ತದೆ. ಹೊಳೆಯ ವಿಷಯದಲ್ಲೂ ಹಾಗೇ ಆಯಿತು. ಮುಧೋಳದವರೊಬ್ಬರು ಘಟಪ್ರಭೆಯ ಬ್ಯಾರೇಜಿನ ಹಿಂದೆ ತುಂಬಿ ನಿಂತ ನೀರನ್ನು ಕಳಿಸಿದರು, ರಬಕವಿಯವರು ಕೃಷ್ಣೆಯ ಬ್ಯಾರೇಜನ್ನೇ ಕಳಿಸಿದರು, ನಾನು ಬೀಳಗಿ ತಾಲ್ಲೂಕಿನಲ್ಲಿ ಕೃಷ್ಣೆಯ ಅಣೆಕಟ್ಟಿನ ಹಿನ್ನೀರನ್ನು ಕಳಿಸಿದೆ. ಹರಿಯುವ ನದಿಯ ಉತ್ಸವಕ್ಕೆ ನಾವೆಲ್ಲ ಒಂದೇ ಮನಸ್ಸಿನಿಂದ ನಿಂತ ನೀರನ್ನು ಕಳಿಸಿದ್ದೆವು.

ಇದನ್ನು ಹಗುರವಾಗಿ ಆಡುವ ಯೋಗ್ಯತೆ ನನಗಿಲ್ಲ. ಬೇಸಿಗೆಯಲ್ಲಿ ಹೊಳೆಯ ಬರಿ ಮರಳು ನೋಡಿ ಬೇಸತ್ತ ನಮ್ಮ ಕಡೆಯ ರೈತರು ತಾವೇ ಕೂಡಿ ಬ್ಯಾರೇಜು ಕಟ್ಟಿದವರು. ನನ್ನ ಎರಡೆಕರೆ ಕಬ್ಬು ಕುಡಿಯುವುದೂ ಆ ನಿಂತ ನೀರನ್ನೇ, ನಾನು ಚಹಾಕ್ಕೆ ಹಾಕಿಕೊಳ್ಳುವ ಸಕ್ಕರೆಯ ಮೂಲವೂ ಅದೇ. ಹರಿಯುವ ನೀರು ಕುಡಿಯಲು ದೊಣೆನಾಯಕನ ಅಪ್ಪಣೆ ಬೇಕೇ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಈಗ ಹರಿಯುವುದಕ್ಕೆ ಆ ನೀರೇ ಅಪ್ಪಣೆಗಾಗಿ ಕಾಯುತ್ತದೆ.

ಆದರೆ ನನ್ನ ಚಿತ್ರದಲ್ಲಿ ಬರಿ ನೀರಿರಲಿಲ್ಲ, ಅಕ್ಕನೂ ಇದ್ದಳು. ಚಂದ್ರವ್ವ, ನನಗಿಂತ ಒಂಬತ್ತು ವರ್ಷ ದೊಡ್ಡವಳು. ಗಲಗಲಿಯಿಂದಾಚೆ ಹೊಳೆದಂಡೆಯ ಒಂದು ಸಣ್ಣ ಊರಿಗೆ ಅವಳನ್ನು ಕೊಟ್ಟಿದ್ದೆವು. ಆ ಊರು ಈಗ ನೀರಿನ ಕೆಳಗಿದೆ. ಅಕ್ಕ ಮತ್ತು ಅವಳ ಗಂಡ, ನಮ್ಮ ಮಾವ, ಇಬ್ಬರೂ ದಿಬ್ಬದ ಮೇಲಿನ ಹೊಸ ಊರಿನಲ್ಲಿದ್ದಾರೆ, ಅಲ್ಲಿ ಓಣಿಗಳು ಪಟ್ಟಿ ಹಿಡಿದು ಗೆರೆ ಎಳೆದಂತೆ ನೆಟ್ಟಗಿವೆ.

ಹಳೆಯ ಊರಿನಲ್ಲಿ ಒಂದು ಪದ್ಧತಿಯಿತ್ತು. ಜೂನಿನಲ್ಲಿ ಮಿರಗದ ಮಳೆ ಆಗಿ ಕೆಂಪು ನೀರು ಬಂದ ಮೇಲೆ ಹೆಂಗಸರು ಹೊಳೆಗೆ ಉಡಿ ತುಂಬುತ್ತಿದ್ದರು: ಅಕ್ಕಿ, ತೆಂಗಿನಕಾಯಿ, ಅರಿಶಿನ ಕುಂಕುಮ, ರವಿಕೆಗೆ ಒಂದು ಖಣ. ಅದಕ್ಕೂ ಮೊದಲು ಒಂದು ವೀಳ್ಯದೆಲೆಗೆ ಕುಂಕುಮ ಹಚ್ಚಿ ನೀರಿಗೆ ಬಿಡಬೇಕು. ಎಲೆ ಹೊರಟರೆ ಉಡಿ. ಹೊರಡದಿದ್ದರೆ ಉಡಿಯಿಲ್ಲ, ಮನೆಗೆ ವಾಪಸು. ಹೀಗೇಕೆ ಎಂದು ನಾನೊಮ್ಮೆ ಮಾಸ್ತರಿಕೆಯ ಗತ್ತಿನಲ್ಲಿ ಕೇಳಿದ್ದೆ.

“ಹೊಳಿ ಅಂದ್ರ ಊರ ಹೆಣ್ಮಗಳು, ಗಂಡನ ಮನಿಗೆ ಹೊಂಟಾಕಿ. ಹೊಂಟಾಕಿಗೆ ಉಡಿ ತುಂಬತಾರ, ಕುಂತಾಕಿಗೆ ತುಂಬ್ತಾರೇನು?” ಅಂದಿದ್ದಳು ಅಕ್ಕ. ಭೂಗೋಳದ ಯಾವ ಪುಸ್ತಕದಲ್ಲೂ ನದಿಯ ವ್ಯಾಖ್ಯೆ ಇಷ್ಟು ಚಿಕ್ಕದಾಗಿ ನನಗೆ ಸಿಕ್ಕಿಲ್ಲ.

ಊರು ಬಿಟ್ಟ ವರ್ಷ ಉಡಿ ತುಂಬುವುದಾಗಲಿಲ್ಲ. ತೊಲೆ, ಬಾಗಿಲು, ದನ ಸಾಗಿಸುವ ಗಡಿಬಿಡಿಯಲ್ಲಿ ಅಂದು ನಾಳೆ ಎಂದರು, ನಾಳೆಗೆ ನೀರು ಬಂದಿತ್ತು. ಮೊದಲು ಹೊಳೆ ಮೇಲಿನಿಂದ ಹರಿದು ಬರುತ್ತಿತ್ತು, ಆಮೇಲೆ ಅಣೆಕಟ್ಟಿನ ಕಡೆಯಿಂದ ಏರಿ ಬರತೊಡಗಿತು. ಅಕ್ಕ ಪ್ರತಿವರ್ಷ ದಿಬ್ಬ ಇಳಿದು ಎಲೆ ಬಿಡುತ್ತಿದ್ದಳು. ತನ್ನ ಊರಿನ ದಂಡೆಯೇ ಆಗಬೇಕು, ಬೇರೆ ಕಡೆ ಒಲ್ಲಳು. ಎಲೆ ಬಿಟ್ಟಲ್ಲೇ ನಿಲ್ಲುತ್ತಿತ್ತು. “ಬರೇ ಉಡೀಲೆ ಕಳಿಸೇವೋ ತಮ್ಮಾ ಆಕೀನ” ಎನ್ನುವುದು ಅವಳ ಜೀವಕ್ಕೆ ಹತ್ತಿದ ಕೊರಗು. ಖಣ ಮಾತ್ರ ಟ್ರಂಕಿನಲ್ಲಿ ಕಾದಿತ್ತು.

ನನಗೆ ಚಿತ್ರಕ್ಕೆ ಒಂದು ಘಟನೆ ಬೇಕಾಗಿತ್ತು. ಉಡಿಯ ಕಾಲವಲ್ಲದಿದ್ದರೂ ಡಿಸೆಂಬರಿನ ಒಂದು ಮುಂಜಾನೆ ಅವಳನ್ನು ದಂಡೆಗೆ ಕರೆತಂದು, ಸೂರ್ಯ ನನ್ನ ಬೆನ್ನಿಗಿರಲಿ ಎಂದು ಅವಳ ಪೂರ್ವಕ್ಕೆ ಕುಕ್ಕರಗಾಲಿನಲ್ಲಿ ಕೂತೆ. ಎಲೆ ಬಿಟ್ಟಳು. ಗಾಳಿಯೂ ಇರಲಿಲ್ಲ. ಎಲೆ ನಿಂತೇ ಇತ್ತು. ಅಕ್ಕ ಅದನ್ನು ನೋಡುತ್ತಿದ್ದ ರೀತಿಯನ್ನು ನನಗೆ ಸಹಿಸಲಾಗಲಿಲ್ಲ. ಚಿತ್ರ ಕೆಡಬಾರದೆಂಬ ಆಸೆಬುರುಕತನವೂ ಇತ್ತು, ಸುಳ್ಳೇಕೆ ಹೇಳಲಿ. ಬಲಗೈಯಲ್ಲಿ ಮೊಬೈಲು ಹಿಡಿದು, ಎಡಗೈಯನ್ನು ನೀರೊಳಗಿಟ್ಟು ಮೆಲ್ಲಗೆ ತಳ್ಳಿದೆ.

ಎಲೆ ಹೊರಟಿತು. ಅಕ್ಕ “ಹೊಂಟ್ಲೋ” ಎಂದಳು, ಅಷ್ಟೇ. ಎತ್ತ ಹೊರಟಿತೆಂದು ಅವಳೂ ನೋಡಲಿಲ್ಲ, ನಾನೂ ನೋಡಲಿಲ್ಲ. ಅಕ್ಕಿ, ಕಾಯಿ, ಹಸಿರು ಖಣ ಎಲ್ಲ ನೀರಿಗೆ ಕೊಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು, “ಹೋಗಿ ಬಾ ನನ್ನವ್ವಾ” ಎಂದಳು. ಅಂದು ಅವಳು ಎರಡು ರೊಟ್ಟಿ ಹೆಚ್ಚಿಗೆ ತಿಂದಳು ಎಂದು ಮಾವ ಫೋನು ಮಾಡಿ ಹೇಳಿದರು. ಒಂದು ಅಂಗೈ ನೀರು ತಳ್ಳಿ ಇಷ್ಟು ಪುಣ್ಯ ಕಟ್ಟಿಕೊಂಡವರು ಯಾರಿದ್ದಾರೆ ಎಂದು ನಾನು ಒಳಗೊಳಗೇ ಬೀಗಿದೆ.

ಉತ್ಸವದ ದಿನ ಅಕ್ಕ ಹೊಸ ಇಳಕಲ್ ಸೀರೆ ಉಟ್ಟು ನನ್ನ ಪಕ್ಕದಲ್ಲಿ ಕೂತಿದ್ದಳು. ಮೊದಲು ಎಲ್ಲಿಯದೋ ಬೆಟ್ಟದ ಹೊಳೆಯೊಂದನ್ನು ತೋರಿಸಿದರು. ಅದು ಕಲ್ಲಿಗೆ ಬಡಿಯುತ್ತ, ಸದ್ದು ಮಾಡುತ್ತ, ಯಾರ ಮಾತೂ ಕೇಳದೆ ಹೊರಟಿತ್ತು. ಅಕ್ಕ ಕುರ್ಚಿಯ ತುದಿಗೆ ಬಂದು, “ಇದಕ್ಕ ಭಾಳ ಉಡಿ ಬೇಕಾಗ್ತಾವ” ಎಂದಳು. ಆಮೇಲೆ ನಮ್ಮ ಚಿತ್ರ ಬಂತು.

ಅಂಗೈಯಗಲದ ಮೊಬೈಲಿನಲ್ಲಿ ಕಾಣದ್ದು ಗೋಡೆಯ ಮೇಲೆ ಕಂಡಿತು. ಸೂರ್ಯ ಹುಟ್ಟುವ ಕಡೆಯಿಂದ ಸಣ್ಣ ಸಣ್ಣ ಅಲೆ ಬಂದು ಎಲೆಗೆ ತಾಗಿದವು, ಎಲೆ ಪಡುವಣಕ್ಕೆ ತಿರುಗಿ ಹೊರಟಿತು. ಹಿಂದಿನ ಸಾಲಿನಲ್ಲಿ ಗಲಗಲಿಯವರು ಯಾರೋ ಇದ್ದರು. “ಹೊಳಿ ಮ್ಯಾಲಕ್ಕ ಹರಿಯಾಕತ್ತೈತಲ್ರಿ” ಎಂದರು. ಜನ ನಕ್ಕರು. “ಹಿಂಗ ಬಾಣ ಹಾಕಿದ್ದಕ್ಕ ನನ್ನ ಕಿವಿ ಹಿಂಡಿದ್ರಿ, ಸರ್” ಎಂದ ಹಳೆಯ ವಿದ್ಯಾರ್ಥಿಯೊಬ್ಬ. ನಾನೂ ನಗಲು ನೋಡಿದೆ.

ಅಕ್ಕ ನಗಲಿಲ್ಲ. ಪರದೆಯ ಮೇಲೆ ತಾನೇ “ಹೋಗಿ ಬಾ” ಎನ್ನುವುದನ್ನು ಕೊನೆಯವರೆಗೂ ನೋಡಿದಳು. ಆಮೇಲೆ ತಿರುಗಿ ನನ್ನ ಮುಖ ನೋಡಲಿಲ್ಲ, ನನ್ನ ಎಡಗೈ ನೋಡಿದಳು. ಗಾಳಿಗೆ ಹೋಗಿರಬೇಕು ಎಂದು ಹೇಳಬಹುದಿತ್ತು. ನಾನು ಆ ಕೈಯನ್ನು ಜೇಬಿಗಿಳಿಸಿದೆ. ಇಡೀ ಜನ್ಮದಲ್ಲಿ ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ. ಅಕ್ಕನ ಕೊರಗು ನೀಗಿಸಿದೆ ಎಂದುಕೊಂಡವನು ಅವಳಲ್ಲಿ ಉಳಿದಿದ್ದ ಒಂದೇ ಖಣವನ್ನೂ ನಿಂತ ನೀರಿಗೆ ಹಾಕಿಸಿದ್ದೆ.

ಊಟದ ಹೊತ್ತಿನಲ್ಲಿ ಅವಳೇ ಮಾತಾಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಹಂಗಾರ ಆಕೀ ಉಡಿ ಇನ್ನೂ ಬರೇದಽ ಐತಿ. ಬನಹಟ್ಯಾಗ ಇನ್ನೊಂದ ಖಣಾ ತಗೊಂಬಾ ತಮ್ಮಾ. ಹಸರಽ ಇರ್ಲಿ.”

ತಂದುಕೊಟ್ಟೆ. ಅಂಗಡಿಯವನು ಯಾರಿಗೆ ಎಂದು ಕೇಳಿದ. ಹೆಣ್ಣುಮಗಳೊಬ್ಬಳಿಗೆ, ಊರಿಗೆ ಹೊರಡುವವಳಿದ್ದಾಳೆ ಎಂದೆ. ಖಣ ಮತ್ತೆ ಟ್ರಂಕಿಗೆ ಸೇರಿತು. ಅಕ್ಕನಿಗೆ ಈಗ ದಿಬ್ಬ ಇಳಿಯಲು ಮೊಣಕಾಲು ಬಿಡುವುದಿಲ್ಲ. ಅವಳ ಬದಲು ತಿಂಗಳಿಗೊಮ್ಮೆ ನಾನೇ ಹೋಗಿ ದಂಡೆಯಲ್ಲಿ ನಿಂತು, ಕುಂಕುಮ ಹಚ್ಚಿದ ಎಲೆಯೊಂದನ್ನು ಬಿಡುತ್ತೇನೆ. ಬಿಟ್ಟು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತೇನೆ.