ಕುವೈತಿನ ಹಾಯಿಗೊಂದು ತೂತು

ಮಂಗಳೂರು ಬಂದರಿನ ಓಣಿಯಲ್ಲಿ ಬೀದಿದೀಪಗಳು ಇನ್ನೂ ಆರಿಲ್ಲ. ಕೊನೆಯ ಶೀಟಿನ ಶೆಡ್ಡಿನಲ್ಲಿ ಮಾತ್ರ ಡ್ರಿಲ್ಲಿಂಗ್ ಮೆಷಿನು ಆಗಲೇ ಗುರ್ರೆನ್ನುತ್ತಿದೆ. ಖತೀಜಮ್ಮ ಮರದ ಅಚ್ಚಿನ ಗುಂಡಿಯಲ್ಲಿ ಕುವೈತಿನ ನೂರು ಫಿಲ್ಸ್ ನಾಣ್ಯವೊಂದನ್ನು ಕೂರಿಸುತ್ತಾರೆ. ಅದರ ಮೇಲೊಂದು ಹಾಯಿಹಡಗಿನ ಚಿತ್ರ. ಒಂದು ತೊಟ್ಟು ತೆಂಗಿನೆಣ್ಣೆ ಬಿಟ್ಟು ಹಿಡಿಕೆ ಎಳೆದರೆ ಮೆಷಿನಿನ ಕೊರೆಯುವ ಮೊನೆ, ಬಿಟ್, ನೇರ ಹಾಯಿಯನ್ನೇ ಕೊರೆದು ಕೆಳಗಿಳಿಯುತ್ತದೆ. ವಿಚಿತ್ರವೆಂದರೆ ಖತೀಜಮ್ಮ ಅದನ್ನು ನೋಡುವುದೇ ಇಲ್ಲ! ಮುಖ ಬಾಗಿಲ ಕಡೆಗಿದೆ. ಮೆಷಿನಿಗೆ ಕಾಣುವುದು ಅವರ ಬಲಗೆನ್ನೆ, ಬಲಗಣ್ಣು ಮಾತ್ರ.

“ಆ ಕಣ್ಣು ಹೋಗಿದೆ. ಹಾಗೆ ಅದನ್ನೇ ಮೆಷಿನಿಗೆ ಕೊಟ್ಟಿದ್ದೇನೆ,” ಎನ್ನುತ್ತಾರೆ. “ಚೂರು ಹಾರಿದ್ರೆ ಅದಕ್ಕೇ ಹಾರ್ಲಿ. ಹೋದ ಕಣ್ಣಿಗೆ ಇನ್ನೆಂತ ಹೋಗ್ಲಿಕ್ಕುಂಟು ಮಾರಾಯ್ರೆ?”

ಐವತ್ತು ದಾಟಿದ ಖತೀಜಮ್ಮ ಪರದೇಶದ ನಾಣ್ಯಗಳಿಗೆ ತೂತು ಕೊರೆದು ವಾಷರ್ ಮಾಡುತ್ತಾರೆ. ಮೀನುಗಾರಿಕೆಯ ಬೋಟುಗಳ ಬೋಲ್ಟುಗಳಡಿ ಕೂರುವ ಬಿಲ್ಲೆಗಳಿವು. ಹಳೆಯ ನಾಣ್ಯಗಳಲ್ಲಿರುವುದು ತಾಮ್ರ ಮತ್ತು ನಿಕ್ಕಲ್, ಉಪ್ಪುನೀರಿಗೆ ಅಷ್ಟು ಬೇಗ ಸೋಲುವುದಿಲ್ಲ. ಬೆಲೆಯೋ, ಅಂಗಡಿಯ ವಾಷರಿನ ಅರ್ಧ.

ಗುಜರಿ ವ್ಯಾಪಾರಿ ನಿಝಾರ್ ಇವನ್ನು ಕಿಲೋ ಲೆಕ್ಕದಲ್ಲಿ ತಂದು ಸುರಿಯುತ್ತಾನೆ. ಗಲ್ಫಿನಿಂದ ಬಂದವರ ಮನೆಗಳ ಡ್ರಾಯರ್‌ಗಳಿಂದ ದಿರ್ಹಮ್, ಫಿಲ್ಸ್, ಬೈಸಾ. ಪಣಂಬೂರಿಗೆ ಬರುವ ಹಡಗಿನವರಿಂದ ಪೆಸೊ, ಯೆನ್. ಜಪಾನಿನ ಐವತ್ತು ಯೆನ್ ಕಂಡರೆ ಖತೀಜಮ್ಮನ ಮುಖ ಅರಳುತ್ತದೆ, ಅದರಲ್ಲಿ ತೂತು ಮೊದಲೇ ಇದೆ. “ಜಪಾನಿನವರು ಪಾಪ, ನನ್ನ ಕಷ್ಟ ಗೊತ್ತಿದ್ದೇ ಮಾಡಿ ಕಳಿಸಿದ್ದಾರೆ.”

ಈ ಕೆಲಸ ಶುರುವಾದ ಕತೆಯಲ್ಲಿ ನಗು ಕಡಿಮೆ. ಹತ್ತು ವರ್ಷದ ಹಿಂದೆ ಗಂಡ ತೀರಿಕೊಂಡ ಮೇಲೆ ಅವರು ಕುವೈತಿನ ಮನೆಯೊಂದಕ್ಕೆ ಅಡುಗೆಗೆ ಹೋದರು. ಮೊದಲ ಎರಡು ತಿಂಗಳು ಸಂಬಳ ಬಂತು, ಆಮೇಲೆ ಇಲ್ಲ. ಕೇಳಿದರೆ ನಾಳೆ, ನಾಡಿದ್ದು. ಕೊನೆಗೆ ಕಾಯಿಲೆ ಬಿದ್ದಾಗ ಟಿಕೆಟ್ ಕೊಟ್ಟು ವಿಮಾನ ಹತ್ತಿಸಿದರು. ಬ್ಯಾಗಿನಲ್ಲಿದ್ದದ್ದು ಹಾಲುಪುಡಿ ಡಬ್ಬಿಯ ತುಂಬ ಚಿಲ್ಲರೆ. ರೊಟ್ಟಿ ತರಲು ಕಳಿಸಿದಾಗ ಉಳಿದದ್ದನ್ನು “ನೀನೇ ಇಟ್ಟುಕೋ” ಎಂದು ಮನೆಯಾಕೆ ಬಿಟ್ಟುಕೊಟ್ಟದ್ದು.

ಡಬ್ಬಿ ಹಿಡಿದು ಹಂಪನಕಟ್ಟೆಯ ಹಣ ಬದಲಾಯಿಸುವ ಅಂಗಡಿಗಳನ್ನೆಲ್ಲ ಸುತ್ತಿದರು. “ನೋಟು ಉಂಟಾ ಕೇಳಿದ್ರು. ಇಲ್ಲ ಅಂದೆ. ನಾಣ್ಯ ನಾವು ಮುಟ್ಟುವುದಿಲ್ಲ, ಮಕ್ಕಳಿಗೆ ಆಡ್ಲಿಕ್ಕೆ ಕೊಡಿ ಅಂದ್ರು. ಅಷ್ಟು ಸಮಯ ಪಾತ್ರೆ ತಿಕ್ಕಿದ್ದು ಮಕ್ಕಳಿಗೆ ಆಡ್ಲಿಕ್ಕಾ?”

ಆ ನಾಣ್ಯ ಕೊಂಡವನು ನೆರೆಯ ಬೋಟ್ ಮೆಕ್ಯಾನಿಕ್ ಶಾಹುಲ್. ತೂತು ಮಾಡಿ ಕೊಟ್ಟರೆ ಇನ್ನೂ ಎರಡು ಕಾಸು ಹೆಚ್ಚು ಎಂದ. ಮುಚ್ಚಿದ ವರ್ಕ್‌ಶಾಪಿನ ಹಳೆಯ ಮೆಷಿನನ್ನು ಖತೀಜಮ್ಮ ಕಂತಿನಲ್ಲಿ ತಂದರು. “ನನ್ನ ಕುವೈತಿನ ದುಡಿಮೆ ಎಲ್ಲ ಈಗ ಅರಬ್ಬಿ ಸಮುದ್ರದಲ್ಲೇ ತಿರುಗ್ತಾ ಉಂಟು.”

ಕಣ್ಣು ಹೋದದ್ದು ಕಳೆದ ವರ್ಷ. ಹೊಸ ನಾಣ್ಯಗಳಲ್ಲಿ ಹೆಚ್ಚಿನವು ಉಕ್ಕಿನವು. ಮ್ಯಾಗ್ನೆಟ್‌ಗೆ ಅಂಟಿದರೆ ತುಕ್ಕು ಹಿಡಿಯುವ ಜಾತಿ, ಬದಿಗೆ. ಅಂಟದಿದ್ದರೆ ಹಳೆಯ ಮೆದು ಲೋಹ ಎಂದು ಅವರು ನಂಬಿದ್ದರು. ಆದರೆ ಮ್ಯಾಗ್ನೆಟ್‌ಗೂ ಸಿಗದ, ತುಕ್ಕೂ ಹಿಡಿಯದ ಗಟ್ಟಿ ಉಕ್ಕು ಒಂದಿದೆ. ಅಂಥ ನಾಣ್ಯಕ್ಕೆ ಇಳಿಸಿದ ಬಿಟ್ ಪಟಾರೆಂದು ಒಡೆದು ಚೂರು ಬಲಗಣ್ಣಿಗೆ ನಾಟಿತು. ಉಳಿದ ಕಣ್ಣು ಬೇಕಾದರೆ ಮೆಷಿನು ಬಿಡಿ ಎಂದರು ಡಾಕ್ಟರು. ರಕ್ಷಣೆಯ ಕನ್ನಡಕವನ್ನೂ ಕೊಂಡಿದ್ದಾರೆ, ಆದರೆ ಬೆವರಿಗೆ ಅದು ಮಂಜಾಗಿ ಒಂದೇ ಕಣ್ಣಿಗೆ ಅಚ್ಚಿನ ಗುಂಡಿಯೂ ಕಾಣುವುದಿಲ್ಲ.

ಈಗ ಜುಲೈ ಕೊನೆಯ ವಾರ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್ ಒಂದಕ್ಕೆ ಬೋಟುಗಳು ಮತ್ತೆ ಕಡಲಿಗಿಳಿಯುತ್ತವೆ. ನಿಝಾರ್ ತಂದ ಚೀಲವನ್ನು ಖತೀಜಮ್ಮ ನೆಲಕ್ಕೆ ಸುರಿದು ಒಂದೊಂದನ್ನೇ ಅರದಿಂದ ಉಜ್ಜಿ ನೋಡುತ್ತಾರೆ. ಮೆದು ಜಾತಿಯದ್ದು ಎರಡು ಹಿಡಿಯಷ್ಟೂ ಇಲ್ಲ. ಉಳಿದದ್ದೆಲ್ಲ ಕಣ್ಣು ತೆಗೆದ ಆ ಗಟ್ಟಿ ಜಾತಿ.

ಬಟ್ಟೆ ಅಂಗಡಿಯ ಕೆಲಸಕ್ಕೆ ಹೊರಟ ಮಗಳು ಸಫಾ ಬಾಗಿಲಲ್ಲೇ ನಿಲ್ಲುತ್ತಾಳೆ.

“ಉಮ್ಮ, ಅದಕ್ಕೆ ಕೈ ಹಾಕ್ಲಿಕ್ಕಿಲ್ಲ.”

“ಇಲ್ಲ, ನೀನು ಹೋಗು.”

“ಇನ್ನೊಂದು ಹೋದ್ರೆ ಕೈ ಹಿಡಿದು ನಡೆಸ್ಲಿಕ್ಕೆ ನಾನು ಕೆಲಸ ಬಿಡ್ಬೇಕು. ಆಮೇಲೆ ಊಟಕ್ಕೆ ಎಂತ ಮಾಡುವುದು? ಈ ಚಿಲ್ಲರೆ ಬೇಯಿಸುವುದಾ?”

“ಬಸ್ಸು ಹೋಗ್ತದೆ ನೋಡು.”

ಸಫಾ ಹೋದ ಸ್ವಲ್ಪ ಹೊತ್ತಿಗೆ ಶಾಹುಲ್ ಬರುತ್ತಾನೆ. ತಯಾರಾದ ವಾಷರ್‌ಗಳನ್ನು ಅಂಗೈಯಲ್ಲಿ ತೂಗಿ ನೋಡಿ ತಲೆಯಾಡಿಸುತ್ತಾನೆ. “ಇದು ಒಂದು ಬೋಟಿಗೂ ಸಾಕಾಗ್ಲಿಕ್ಕಿಲ್ಲ ಖತೀಜಮ್ಮ. ಗಟ್ಟಿಯದ್ದು ಕೊರೆದ್ರೆ ಡಬಲ್ ಕೊಡ್ತೇನೆ. ಆಗದಿದ್ರೆ ಬೇಜಾರಿಲ್ಲ, ಅಂಗಡಿಯಿಂದ ತರ್ತೇನೆ. ಆದ್ರೆ ಒಮ್ಮೆ ಅಲ್ಲಿ ಲೆಕ್ಕ ಶುರು ಮಾಡಿದ್ರೆ ಮತ್ತೆ ಇಲ್ಲಿಗೆ ಬರುವುದು ಹೇಗೆ, ನೀವೇ ಹೇಳಿ.”

ಖತೀಜಮ್ಮ ಹಳೆಯ ಬಿಟ್ ತೆಗೆದು, ಇದ್ದುದರಲ್ಲಿ ಚೂಪಾದದ್ದನ್ನು ಹುಡುಕಿ ಬಿಗಿಯುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ ಬಿಗಿಯುವ ಕೀಲಿ ತಿರುಗಿಸುತ್ತಲೇ ಹೇಳುತ್ತಾರೆ: “ಕೋಬಾಲ್ಟ್ ಬಿಟ್ ಅಂತ ಬರ್ತದಂತೆ. ಅದು ಸುಲಭಕ್ಕೆ ಒಡೆಯುವುದಿಲ್ಲವಂತೆ. ಅದೊಂದು ಸಿಕ್ಕಿದ್ರೆ ಸಾಕಿತ್ತು. ಕಣ್ಣು ಕೇಳಿದ್ರೆ ಯಾರು ಕೊಡ್ತಾರೆ?”

ಗಟ್ಟಿ ನಾಣ್ಯವೊಂದನ್ನು ಅಚ್ಚಿಗೆ ಒತ್ತಿ, ಎಣ್ಣೆ ಬಿಟ್ಟು, ಸ್ವಿಚ್ ಹಾಕುತ್ತಾರೆ. ಹತ್ತಿರ ಬಗ್ಗಿ ನೋಡುತ್ತಿದ್ದ ಮೆಕ್ಯಾನಿಕ್‌ನ ಎದೆಗೆ ಎಡಗೈ ಒತ್ತಿ ತಡೆಯುತ್ತಾರೆ.

“ಸ್ವಲ್ಪ ಹಿಂದೆ ನಿಲ್ಲು ಶಾಹುಲ್. ನಿನ್ನದು ಎರಡೂ ಉಂಟಲ್ಲ.”