ಸೆಲ್ವಣ್ಣನ ತಂಡಕ್ಕೆ ಬರೆದ ನಕ್ಷೆ

ಅದು 2012ರ ಬೇಸಿಗೆ ಇರಬೇಕು. ನಾನಾಗ ಪೀಣ್ಯದ ಒಂದು ಕಾರ್ಖಾನೆಯ ಡ್ರಾಯಿಂಗ್ ವಿಭಾಗದಲ್ಲಿದ್ದೆ. ಬೆಳಗಿನಿಂದ ಸಂಜೆಯವರೆಗೆ ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುವುದೇ ಕೆಲಸ. ಫುಟ್‌ಬಾಲ್ ಬಗ್ಗೆ ನನಗೆ ಗೊತ್ತಿದ್ದುದು ಅದು ಕಾಲಿನಿಂದ ಆಡುವ ಆಟ ಎನ್ನುವುದಷ್ಟೇ.

ನಮ್ಮ ಫಿಟ್ಟರ್ ಸೆಲ್ವಣ್ಣ ಪ್ರತಿ ಭಾನುವಾರ ಚಿಕ್ಕಬಾಣಾವರದ ಬಯಲಿನಲ್ಲಿ ಎರಡು ತಂಡಗಳಿಗೆ ಆಟ ಕಲಿಸುತ್ತಿದ್ದರು. ಒಂದು, ನಲವತ್ತು ದಾಟಿದ ನಮ್ಮ ಕಾರ್ಮಿಕರದು. ಇನ್ನೊಂದು, ಅಲ್ಲಿನ ಎಂಟು-ಒಂಬತ್ತು ವರ್ಷದ ಹೆಣ್ಣುಮಕ್ಕಳದು. ಆ ವರ್ಷ ಸೆಲ್ವಣ್ಣನ ಗಂಟಲಿಗೆ ಆಪರೇಷನ್ ಆಗಿ, ದನಿ ಪಿಸುಮಾತಿಗಿಂತ ಮೇಲೇರದಂತಾಯಿತು. ಒಂದು ದಿನ ಊಟದ ಬಿಡುವಿನಲ್ಲಿ ನನ್ನ ಮೇಜಿನ ಹತ್ತಿರ ಬಂದು ಕುಳಿತರು.

"ಕೂಗೋಕಾಗಲ್ಲ. ನೀನು ಆಟ ಬರ್ಕೊಡಮ್ಮ. ಒಂದು ತಿಂಗ್ಳು ನೋಡ್ತೀನಿ, ಆಗ್ಲಿಲ್ಲಾಂದ್ರೆ ಕಲ್ಸೋದೇ ಬಿಟ್ಬಿಡ್ತೀನಿ" ಎಂದರು.

ಇಪ್ಪತ್ತು ವರ್ಷದಿಂದ ಕಲಿಸುತ್ತಿದ್ದ ಮನುಷ್ಯ. ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ. ಅವರು ಊಟದ ಡಬ್ಬಿಯ ಮುಚ್ಚಳಗಳನ್ನು ಮೇಜಿನ ಮೇಲೆ ಸರಿಸಿ ಸರಿಸಿ ತೋರಿಸಿದರು, ನಾನು ಬರೆದುಕೊಂಡೆ. ಆಟಗಾರರಿಗೆ ನಂಬರ್ ಹಾಕಿದ ವೃತ್ತ, ಓಟಕ್ಕೆ ಗೆರೆ, ಗೆರೆಯ ಮೇಲೆ ಮೀಟರ್ ಲೆಕ್ಕ. ನೋಡಿ ನನಗೇ ಜಂಭ ಬಂತು.

ಭಾನುವಾರ ಹಿರಿಯರು ಹಾಳೆಯನ್ನು ಒಂದೇ ನೋಟಕ್ಕೆ ಓದಿಬಿಟ್ಟರು. ಜೀವಮಾನವಿಡೀ ನಕ್ಷೆ ನೋಡಿ ಕೆಲಸ ಮಾಡಿದವರು. ಇಷ್ಟು ದೂರ ಓಡುವ ವಯಸ್ಸು ನಮ್ಮದಲ್ಲ, ಅರ್ಧಕ್ಕೆ ಇಳಿಸು ಎಂದು ಗೊಣಗಿದರು, ಅಷ್ಟೇ.

ಎಡವಟ್ಟಾಗಿದ್ದು ಮಕ್ಕಳ ಹತ್ತಿರ. ನಮ್ಮ ಕೆಲಸದಲ್ಲಿ ಅಳತೆಯ ಗೆರೆಗೆ ಎರಡೂ ತುದಿಯಲ್ಲಿ ಬಾಣ ಹಾಕುತ್ತೇವೆ. ಕೈ ಅಭ್ಯಾಸದಿಂದ ಇಲ್ಲೂ ಹಾಗೇ ಹಾಕಿದ್ದೆ. ಮಕ್ಕಳು ಬಾಣ ತೋರಿಸಿದ ಕಡೆ ಓಡಿದರು, ಇನ್ನೊಂದು ಬಾಣ ನೆನಪಾಗಿ ಅಷ್ಟೇ ನಿಷ್ಠೆಯಿಂದ ವಾಪಸ್ಸು ಬಂದರು. ತಂಡದ ಏಳೂ ಜನ ಹೋಗುವುದು, ಬರುವುದು. ಚೆಂಡು ಮಾತ್ರ ನಡುವೆ ಒಂಟಿ. ಹಿರಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ. ಆಮೇಲೆ ನೋಡಿದರೆ ಸೆಲ್ವಣ್ಣ ತಲೆ ತಗ್ಗಿಸಿ ಹಾಳೆಗಳನ್ನು ಮಡಚುತ್ತಿದ್ದರು. ನನಗೆ ನಾಚಿಕೆಯಾಯಿತು.

ಆಗ ಶಾಹೀನ ಎಂಬ ಪುಟ್ಟ ಹುಡುಗಿ ಬಂದು, "ಅಕ್ಕ, ಇದ್ರಲ್ಲಿ ನಾನೆಲ್ಲಿದೀನಿ?" ಎಂದು ಕೇಳಿದಳು. ನಾಲ್ಕನೇ ನಂಬರ್ ತೋರಿಸಿದೆ. ಅವಳು ನನ್ನನ್ನು ಸುಳ್ಳುಬುರುಕಿಯನ್ನು ನೋಡುವಂತೆ ನೋಡಿದಳು.

ಆ ವಾರ ಎಲ್ಲವನ್ನೂ ಹೊಸದಾಗಿ ಬರೆದೆ. ಶಾಹೀನಳಿಗೆ ಎರಡು ಜಡೆ, ಇನ್ನೊಬ್ಬಳಿಗೆ ಮುಂದಿನ ಹಲ್ಲಿಲ್ಲದ ನಗು, ಮತ್ತೊಬ್ಬಳಿಗೆ ಹಳದಿ ಟೋಪಿ. ಒಬ್ಬೊಬ್ಬರಿಗೂ ಒಂದೇ ಗೆರೆ, ಒಂದೇ ಬಾಣ. ಮುಂದಿನ ಭಾನುವಾರ ಹಾಳೆಯಲ್ಲಿ ತಮ್ಮನ್ನು ಕಂಡು ಮಕ್ಕಳು ಕಿಸಿಕಿಸಿ ನಕ್ಕರು, ಹೇಳಿದ ಕಡೆ ನಿಂತರು. ಆದರೂ ಸೆಲ್ವಣ್ಣ ಬಿಡುವ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ.

ತಿಂಗಳ ಕೊನೆಯ ಭಾನುವಾರ ಪಕ್ಕದ ಬಡಾವಣೆಯ ಮಕ್ಕಳ ಜೊತೆ ಪಂದ್ಯ. ಅರ್ಧ ಆಟ ಮುಗಿದಾಗ ನಮ್ಮವರು ಎರಡು ಗೋಲು ಹಿಂದಿದ್ದರು. ಸೆಲ್ವಣ್ಣ ಹಾಳೆ ಬಿಡಿಸಿದರು. ಅವರು ಬೆರಳಿಡುವ ಮೊದಲೇ ಶಾಹೀನ ಅವರ ಜೇಬಿನಿಂದ ಪೆನ್ಸಿಲ್ ತೆಗೆದು, ನಾನು ಹಾಕಿದ್ದ ಬಾಣವನ್ನು ಹೊಡೆದುಹಾಕಿ ಬೇರೆ ಕಡೆಗೆ ಇನ್ನೊಂದು ಎಳೆದಳು.

"ಸಾರ್, ಆ ಉದ್ದ ಹುಡ್ಗಿ ಹಿಂದೆ ಯಾರೂ ಇರಲ್ಲ. ನಾನು ಇಲ್ಲಿಗೆ ಹೋಗ್ಲಾ?"

ಸೆಲ್ವಣ್ಣ ಆ ಗೆರೆ ನೋಡಿ ತಲೆಯಾಡಿಸಿದರು. ಪೆನ್ಸಿಲ್ ತೆಗೆದುಕೊಂಡು, ಚೆಂಡಿನ ದಾರಿಯನ್ನು ಅವಳ ಬಾಣದ ತುದಿಗೆ ಸೇರಿಸಿದರು. ಅಷ್ಟಾದದ್ದೇ ತಡ, ನನಗೆ ಕೊಡಿ, ನನಗೆ ಕೊಡಿ ಎಂದು ಉಳಿದವರೂ ಪೆನ್ಸಿಲ್‌ಗೆ ಮುಗಿಬಿದ್ದರು.

ಶಾಹೀನ ಅಲ್ಲಿಗೇ ಓಡಿ ಒಂದು ಗೋಲು ಹೊಡೆದಳು. ಆದರೂ ಪಂದ್ಯ ಸೋತೆವು. ಬಸ್‌ಸ್ಟಾಪಿನವರೆಗೂ ಸೆಲ್ವಣ್ಣನ ಜೊತೆ ನಡೆದೆ. ಕಲಿಸುವುದು ಬಿಡುತ್ತೀರಾ ಎಂದು ಕೇಳಲು ಧೈರ್ಯವಿರಲಿಲ್ಲ. ಬಸ್ಸು ಬಂದಾಗ ಹತ್ತಿರ ಬಗ್ಗಿ ಪಿಸುಗುಟ್ಟಿದರು: "ಮುಂದಿನ್ವಾರ ಬರೀ ಮೈದಾನ ಬರ್ಕೊಂಡ್ಬಾಮ್ಮ. ಗೆರೆ ಅವ್ರೇ ಎಳೀತಾರೆ."

ಸೋಮವಾರ ಆಫೀಸಿಗೆ ಹೋದವಳೇ ಮೊದಲು ಅದನ್ನು ಬರೆದೆ. ನಾಲ್ಕು ಗೆರೆ, ಎರಡು ಗೋಲು, ಒಳಗೆ ಏನೂ ಇಲ್ಲ. ಈವರೆಗೆ ಸಾವಿರಾರು ನಕ್ಷೆ ಬರೆದಿದ್ದೇನೆ. ಬರೆಯುತ್ತಾ ಕಣ್ಣು ತುಂಬಿ ಬಂದದ್ದು ಅದೊಂದಕ್ಕೇ.